ಕತ್ತರಿ ಅಕ್ಕನ ಬಾಗಿಲಿಲ್ಲದ ಕೋಟೆ

ಕತ್ತರಿ ಅಕ್ಕ ಎಂದರೆ ಆ ಬೀದಿಯಲ್ಲಿ ಅರಿಯದವರಿರಲಿಲ್ಲ. ಹೊಲಿಯುವವರು ಆಕೆಯ ದರ್ಜಿ ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ಆದರೆ ಹೊಸ ಬಟ್ಟೆಯ ಮೇಲೆ ಮೊದಲ ಕತ್ತರಿ ಇಡುವ ಅಧಿಕಾರ ಆಕೆಯೊಬ್ಬಳದೇ. ಗಿರಾಕಿ ಹೊಸ್ತಿಲು ದಾಟುತ್ತಿದ್ದಂತೆಯೇ ಅವನ ಎಡಭುಜ ತಗ್ಗೋ ಬಲಭುಜ ತಗ್ಗೋ, ಸೊಂಟ ಹೋದ ವರ್ಷಕ್ಕಿಂತ ಎಷ್ಟು ಹಿಗ್ಗಿದೆ ಎಂಬುದನ್ನೆಲ್ಲ ಆಕೆಯ ಕಣ್ಣು ಅಳೆದು ಮುಗಿಸಿರುತ್ತಿತ್ತು. ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ. ಭಗವಂತನು ಮನುಷ್ಯರನ್ನು ಎಷ್ಟು ಬಗೆಯ ಸೊಟ್ಟಗಳಲ್ಲಿ ಸೃಷ್ಟಿಸಿದ್ದಾನೆಂಬುದನ್ನು ಇಷ್ಟು ಹತ್ತಿರದಿಂದ ಕಂಡು, ಆ ಸೊಟ್ಟಗಳನ್ನೆಲ್ಲ ಒಪ್ಪವಾಗಿ ಮರೆಮಾಡುವುದರಲ್ಲೇ ಆಯುಷ್ಯ ಸವೆಸಿದವಳಿಗೆ ಸಹಜವಾಗಿ ಒದಗುವ ಗುಣವೊಂದು ಆಕೆಗೂ ಒದಗಿತ್ತು. ಅದು ಕರುಣೆ. ಅದರ ಜೊತೆಗೆ ಎಡೆಬಿಡದ ಮಾತು.

ಇಂಥವಳು ಪಿಶಾಚಿಗಳನ್ನು ಸೃಷ್ಟಿಸುತ್ತಾಳೆ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ವಾರದ ರಜೆಯ ದಿನ ಮಧ್ಯಾಹ್ನ ಅಂಗಡಿಯ ಷಟರು ಅರ್ಧಕ್ಕೆ ಇಳಿಯುತ್ತಿತ್ತು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನಿಂದ ಚಿಂದಿ, ಗುಂಡುಸೂಜಿ, ಸೀಮೆಸುಣ್ಣಗಳು ತೊಲಗಿ ದಾಳಗಳು ಬರುತ್ತಿದ್ದವು. ಆಟದ ಹೆಸರು ‘ಬೂದಿರಾಜ್ಯ’. ಸೂರ್ಯನು ಮಂಕಾಗಿ, ಅರಸರು ಸತ್ತ ಮೇಲೂ ಸಿಂಹಾಸನ ಬಿಡದೆ, ಬಾವಿಗಳಲ್ಲಿ ನೀರಿಗೆ ಬದಲು ಪಿಸುಮಾತು ತುಂಬಿಕೊಂಡಿರುವ ನಾಡೊಂದನ್ನು ಅದರಲ್ಲಿ ಕಲ್ಪಿಸಿಕೊಳ್ಳಬೇಕು. ಮೇಜಿನ ಸುತ್ತ ಕುಳಿತವರಿಗೆ ಒಬ್ಬೊಬ್ಬರಿಗೊಂದು ಪಾತ್ರ. ‘ನಾನು ಬಾಗಿಲು ತೆರೆಯುತ್ತೇನೆ’ ಎಂದು ಪಾತ್ರಧಾರಿ ಹೇಳಿದರೆ ಬಾಗಿಲಾಚೆ ಏನಿದೆ ಎಂಬುದನ್ನು ಸೂತ್ರಧಾರ ಹೇಳುತ್ತಾನೆ. ಆಮೇಲೆ ಉಳಿಯುವುದೋ ಅಳಿಯುವುದೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆದ್ದವರು ಸೋತವರು ಎಂಬುದಿಲ್ಲ. ಕಥೆಯೊಂದು ನಡೆಯುತ್ತದೆ, ಎಲ್ಲರೂ ಕೂಡಿ ಅದನ್ನು ನಡೆಸುತ್ತಾರೆ.

ಅಕ್ಕನ ಗಂಡ ನಲ್ಲಿ ರಿಪೇರಿಯವರು. ಅವರ ಪಾತ್ರ ಒಬ್ಬ ಅಂಜುಬುರುಕ ಸನ್ಯಾಸಿ. ಎಂಥ ಘೋರ ಗುಹೆ ಹೊಕ್ಕರೂ ಮೊದಲು ‘ಇಲ್ಲಿ ನೀರು ಎಲ್ಲಿಗೆ ಹರಿದು ಹೋಗುತ್ತೆ?’ ಎಂದು ವಿಚಾರಿಸುವವನು. ಮಹಡಿಯ ಮೇಲಿನ ಹಲ್ಲಿನ ಡಾಕ್ಟರಮ್ಮ ದಿನವಿಡೀ ‘ನೋವಾಗಲ್ಲ, ನೋವಾಗಲ್ಲ’ ಎನ್ನುತ್ತಿದ್ದವರು, ಮೇಜಿಗೆ ಬಂದರೆ ಗಂಡುಗೊಡಲಿ ಹಿಡಿದು ರಾಕ್ಷಸರ ಕೋರೆಹಲ್ಲುಗಳನ್ನು ಬುಡಸಮೇತ ಕೀಳುತ್ತಿದ್ದರು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಅಕ್ಕನ ಮಗಳದು ಕಳ್ಳಿಯ ಪಾತ್ರ. ಅಕ್ಕನದು ‘ಕಬ್ಬಿಣದ ಅತ್ತೆ’ ಎಂಬ ಮುದಿ ವೀರವನಿತೆ. ಇವರೆಲ್ಲರನ್ನೂ ಕೈಹಿಡಿದು ನರಕಕ್ಕೆ ಕರೆದೊಯ್ಯುವ ಸೂತ್ರಧಾರನು ಅಕ್ಕನ ತಮ್ಮ.

ತಮ್ಮ ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ಬರುವಿಕೆ ಹೋಗುವಿಕೆಗಳನ್ನು ಧ್ವನಿವರ್ಧಕದಲ್ಲಿ ಸಾರುವವನು. ಗಾಡಿ ಎರಡು ಗಂಟೆ ತಡವೆಂಬ ವಾರ್ತೆಯನ್ನೂ ಕೇಳಿದವರು ಮುನಿಯದಂತೆ ಹೇಳಬಲ್ಲ ಕಂಠ ಅವನದು. ಅದೇ ಕಂಠ ತುಸು ತಗ್ಗಿ ‘ನಿಮ್ಮ ದೀಪ ಈಗ ಆರಿತು’ ಎಂದರೆ ಹಾಡಹಗಲಲ್ಲೇ ಡಾಕ್ಟರಮ್ಮ ಅಕ್ಕನ ತೋಳು ಹಿಡಿದುಕೊಳ್ಳುತ್ತಿದ್ದರು. ಅಕ್ಕನಿಗೆ ಈ ಆಟದ ಹುಚ್ಚು ಹತ್ತಿಸಿದವನೂ ಅವನೇ. ಅವನು ಹೇಳುತ್ತಿದ್ದರೆ ಆಕೆಯ ಕೈ ಸುಮ್ಮನಿರಲಾರದು. ಅಂಗಿ ಕೋಟುಗಳ ಅಳತೆ ಬರೆಯುವ ಕಂದು ಕಾಗದದ ಮೇಲೆ ಸುರಂಗಗಳೂ ಗೋರಿಗಳೂ ಮೂಡುತ್ತಿದ್ದವು. ಮಗಳು ಅವನ್ನು ಆಟದ ಅಭಿಮಾನಿಗಳ ಜಾಲತಾಣಕ್ಕೆ ಏರಿಸಿದಳು. ಆಮೇಲೆ ವಯಸ್ಸಾದವರ ಕಣ್ಣಿಗೂ ಕಾಣುವ ದಪ್ಪಕ್ಷರದಲ್ಲಿ ಪಾತ್ರಗಳ ಬಲಾಬಲ ಬರೆದ ಪತ್ರಗಳು, ಪ್ರೇತಗಳ ಚಿತ್ರವಿದ್ದ ಕಾರ್ಡುಗಳು, ಕತ್ತರಿಸಿ ಮಡಿಚಿ ನಿಲ್ಲಿಸುವ ಕಾಗದದ ಗೋಪುರಗಳು, ಕಡೆಗೆ ಇಡಿಯ ಸಾಹಸಕಥೆಗಳು. ಯಾವ ಊರಿನವರೋ ಯಾವ ದೇಶದವರೋ ಅವನ್ನಿಳಿಸಿಕೊಂಡು ಆಡುತ್ತಿದ್ದರು. ಬೇಕಾದವರು ತೆಗೆದುಕೊಂಡು ಆಡಲಿ ಎಂಬುದೊಂದೇ ಆಕೆ ಹಾಕಿದ ಷರತ್ತು.

ಹೀಗಿರಲು ತಮ್ಮನ ಗಂಟಲಿನಲ್ಲಿ ಗಂಟೊಂದು ಕಾಣಿಸಿಕೊಂಡಿತು. ವೈದ್ಯರು ನಿಪುಣರು, ಗಂಟನ್ನು ತೆಗೆದರು, ಪ್ರಾಣವನ್ನುಳಿಸಿದರು. ಧ್ವನಿಯನ್ನು ಉಳಿಸುವುದು ಅವರ ಕೈಯಲ್ಲಿರಲಿಲ್ಲ. ನಿಲ್ದಾಣದವರು ಅವನನ್ನು ಕೈಬಿಡದೆ, ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಗೆ ಹಾಕಿದರು. ತನ್ನ ಜಾಗದಲ್ಲಿ ಈಗ ಯಂತ್ರವೊಂದು ಕೂಗುವುದನ್ನು ಕೇಳುತ್ತ ಅವನು ವಾರಸುದಾರರಿಲ್ಲದ ಕೊಡೆಗಳ ನಡುವೆ ಕುಳಿತಿರುತ್ತಿದ್ದ. ಮೇಜಿಗೆ ಬರುವುದನ್ನು ಬಿಟ್ಟ. ಊಟಕ್ಕೆ ಕರೆದರೆ ತಲೆನೋವು. ಮನೆಗೆ ಹೋದರೆ ನಿದ್ದೆ.

ಒಂದು ದಿನ ಅಕ್ಕ ನೇರವಾಗಿ ಆ ಕೋಣೆಗೇ ನುಗ್ಗಿದಳು.

“ಏನೋ, ಯಾವ ಪೆಟ್ಟಿಗೆ ಒಳಗೆ ಬಚ್ಚಿಟ್ಕೊಂಡಿದೀಯಾ? ನಾನೂ ಒಂದು ಸಾಮಾನು ಕಳ್ಕೊಂಡಿದೀನಿ. ಇಷ್ಟೆತ್ತರ, ಮೂಗು ಉದ್ದ, ಅಕ್ಕನ ಮೇಲೆ ಒಂದಿಷ್ಟೂ ಕನಿಕರ ಇಲ್ಲ. ಸಿಕ್ಕಿದ್ರೆ ಕೊಡಿ ಸ್ವಾಮಿ.”

ಅವನು ನಗಲಿಲ್ಲ. ಫೋನಿನಲ್ಲಿ ಬರೆದು ತಿರುಗಿಸಿ ತೋರಿಸಿದ: ‘ಯಾಕೆ ಬಂದೆ?’

“ಸೂತ್ರಧಾರ ಇಲ್ದೆ ನಾವೆಲ್ಲ ಆ ಹಾಳುಬಾವಿ ಬಾಯಲ್ಲೇ ನಿಂತಿದೀವಿ ಕಣೋ. ನಿಮ್ಮ ಭಾವನ ಸನ್ಯಾಸಿ ಒಂದು ಕಾಲು ಒಳಗೆ ಇಟ್ಟು ಅಲ್ಲೇ ನೇತಾಡ್ತಿದಾನೆ. ಇಳಿಯೋಕೂ ಇಲ್ಲ, ಹತ್ತೋಕೂ ಇಲ್ಲ.”

‘ಬೇರೆಯವರು ನಡೆಸಲಿ.’

“ಯಾರು?”

‘ನೀನು. ಮೂಕನ ಕೈಲಿ ಕಥೆ ಹೇಳಿಸುವ ಆಸೆ ಬಿಡು ಅಕ್ಕ.’

ಅಕ್ಕ ವಾದಕ್ಕಿಳಿಯದೆ ಮನೆಗೆ ಹಿಂತಿರುಗಿದಳು. ಆಕೆಯ ಬಾಳಿನಲ್ಲಿ ಇದು ಅಪರೂಪದ ಘಟನೆ.

ಮುಂದಿನ ರಜೆಯ ದಿನ ತಾನೇ ನಡೆಸಿ ನೋಡಿದಳು. ಸೂತ್ರಧಾರಿಣಿಯ ಪೀಠದಲ್ಲಿ ಕುಳಿತೊಡನೆಯೇ ಆಕೆಯ ಕರುಣೆ ಕೆಲಸವನ್ನೆಲ್ಲ ಕೆಡಿಸಿತು.

“ಕತ್ತಲ ಓಣಿ. ಎದುರಿಗೆ ಮೂರು ಕಲ್ಲು ಹಾಸು,” ಎಂದಳು. “ನಡುವಿನದರ ಮೇಲೆ ಕಾಲಿಡಬೇಡಿ, ರೀ.”

“ಯಾಕೆ?” ಎಂದರು ಅಕ್ಕನ ಯಜಮಾನರು.

“ಕೆಳಗೆ ಈಟಿಗಳಿವೆ.”

“ಅದನ್ನ ಹೇಳಿಬಿಟ್ರೆ ಹ್ಯಾಗಕ್ಕಾ?” ಡಾಕ್ಟರಮ್ಮ ಹಣೆ ಹಿಡಿದುಕೊಂಡರು. “ನಾವು ಬಿದ್ದು ತಿಳ್ಕೋಬೇಕು!”

“ಬಿದ್ರೆ ಚುಚ್ಚಲ್ವೇನ್ರೀ ಡಾಕ್ಟ್ರೇ? ಚೆನ್ನಾಗಿದೆ ನೀವು ಹೇಳೋದು.”

ಆ ಮಧ್ಯಾಹ್ನ ಯಾರೂ ಸಾಯಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಪಿಶಾಚಿಯೊಂದು ದಾರಿ ತೋರಿಸಿ ಕಳುಹಿಸಿತು. ಎಲ್ಲರೂ ಆಕಳಿಸುತ್ತ ಎದ್ದರು.

ಕಪ್ಪುಗಳನ್ನು ತೊಳೆಯುತ್ತ ಅಕ್ಕ ಗಂಡನೊಡನೆ ಹೇಳಿದಳು: “ಆಟ ಹೋದ್ರೆ ಹೋಗ್ಲಿ ರೀ. ಮಾತು ಹೋಯ್ತು ಅಂತ ಅವನು ಮನುಷ್ಯರನ್ನೇ ಬಿಡ್ತಾ ಇದಾನೆ. ಆ ಮೇಜಿಗೆ ಬರ್ದೇ ಇದ್ರೆ ಇನ್ನೆಲ್ಲಿಗೂ ಬರಲ್ಲ ಅವನು. ನಂಗೊತ್ತು.”

ಯಜಮಾನರು ಒರೆಸಿದ ಕಪ್ಪನ್ನು ಕೆಳಗಿಟ್ಟರು. “ಪೈಪು ಒಡೆದಿದೆ ಅಂದ್ಕೋ. ನೀರು ಬೇಕೇ ಬೇಕು. ಏನ್ ಮಾಡ್ತೀವಿ? ಬೇರೆ ದಾರೀಲಿ ತರ್ತೀವಿ.”

“ಎಲ್ಲದಕ್ಕೂ ನಲ್ಲೀನೇ ನಿಮಗೆ,” ಎಂದಳು ಅಕ್ಕ. ಆದರೆ ಆ ಮಾತು ಆಕೆಯ ತಲೆಯಲ್ಲಿ ಕುಳಿತುಬಿಟ್ಟಿತು.

ಮಾತಿಲ್ಲದ ಸೂತ್ರಧಾರನಿಗೆಂದೇ ಒಂದು ಸಾಹಸವನ್ನು ರಚಿಸುವುದೆಂದು ಆಕೆ ನಿಶ್ಚಯಿಸಿದಳು. ವರ್ಣನೆಗಳೆಲ್ಲ ಕಾರ್ಡಿನ ಮೇಲಿರುತ್ತವೆ. ಸೂತ್ರಧಾರನು ಕಾರ್ಡನ್ನು ಎತ್ತಿ ಯಾರ ಕೈಗಿಡುತ್ತಾನೋ ಅವರೇ ತಮ್ಮ ಪಾಡನ್ನು ತಾವೇ ಗಟ್ಟಿಯಾಗಿ ಓದಿಕೊಳ್ಳಬೇಕು. ಮೇಜಿನ ಮೇಲೆ ಒಂದು ಬಾರಿ ಕುಟ್ಟಿದರೆ ಹೌದು, ಎರಡು ಬಾರಿ ಕುಟ್ಟಿದರೆ ಅಲ್ಲ, ಅಂಗೈಯಿಂದ ಸವರಿದರೆ ಯಾರೋ ಸಮೀಪಿಸುತ್ತಿದ್ದಾರೆ. ಕೋಟೆಯಲ್ಲಿ ವಾಸಿಸುವವಳು ಎರಡು ಪಾಲಾಗಿ ಸೀಳಿಹೋದ ಒಬ್ಬ ರಾಣಿ: ಬಲಗಡೆಯ ಕೋಣೆಗಳಲ್ಲಿ ರಾಣಿ ಸತ್ತಿದ್ದಾಳೆ, ಕಾವಲುಗಾರರು ಬದುಕಿದ್ದಾರೆ, ಎಡಗಡೆ ಅವೇ ಕೋಣೆಗಳು ತಿರುವುಮುರುವಾಗಿ, ಅಲ್ಲಿ ಕಾವಲುಗಾರರು ಸತ್ತು ರಾಣಿ ಬದುಕಿದ್ದಾಳೆ. ಹೊರಹೋಗುವ ಬಾಗಿಲಿರುವುದು ಎಡಗಡೆ. ಕಾರ್ಡಿನ ಮುಂಬದಿಯಲ್ಲಿ ಬಲಗಡೆಯ ಕೋಣೆ, ಹಿಂಬದಿಯಲ್ಲಿ ಎಡಗಡೆಯ ಕೋಣೆ. ಕೋಟುಗಳ ಕೆಲಸ ಮುಗಿದ ಮೇಲೆ ದಿನವೂ ಕುಳಿತು, ಕನ್ನಡಕ ಒರೆಸಿಕೊಂಡು, ನಕ್ಷೆಯನ್ನು ಒಂದು ನೂಲಿನೆಳೆಯೂ ಸರಿಯದಂತೆ ಬರೆದಳು. ಮಗಳು ಅದರ ಪ್ರತಿಯನ್ನು ತಾಣಕ್ಕೇರಿಸಿದಳು. ಮೂಲವು ಕಾರ್ಡುಗಳ ಸಮೇತ ಕಟ್ಟಾಗಿ ತಮ್ಮನ ಮನೆಗೆ ಹೋಯಿತು.

ತಮ್ಮ ಕಟ್ಟನ್ನು ತೆಗೆದುಕೊಂಡನೆಂದು ತಿಳಿಯಿತು, ಬಿಚ್ಚಿದನೆಂದು ತಿಳಿಯಲಿಲ್ಲ.

ಅತ್ತ ತಾಣದಲ್ಲಿ ಕೋಲಾಹಲವೆದ್ದಿತು. ಮಗಳು ಒಂದು ಮಧ್ಯಾಹ್ನ ಅಂಗಡಿಗೆ ಓಡಿಬಂದು ಫೋನು ನೋಡಿ ಓದತೊಡಗಿದಳು: “ಅಮ್ಮ, ಕೇಳು. ‘ಇಷ್ಟು ನಿರ್ದಯವಾದ ಕೋಟೆಯನ್ನು ನಾವು ಕಂಡಿಲ್ಲ. ಒಳಗೆ ಹೋದವರು ಒಬ್ಬರೂ ಹೊರಗೆ ಬರಲಿಲ್ಲ. ಲೇಖಕರಿಗೆ ನಮಸ್ಕಾರ.’ ಇನ್ನೊಬ್ರು ಬರೀತಾರೆ, ‘ಕಾರ್ಡಿನ ಹಿಂಬದಿಯ ಕೋಣೆಗಳಿಗೆ ದಾರಿಯೇ ಇಲ್ಲ. ಅವು ಸಾಯುವವರ ಕಣ್ಣಿಗೆ ಕಡೆಯಲ್ಲಿ ಕಾಣುವ ಕನಸು ಎಂದುಕೊಂಡೆವು. ನಮ್ಮ ಗುಂಪಿನಲ್ಲಿ ಇಬ್ಬರು ಅತ್ತರು.’”

“ನಾನು ಯಾರನ್ನೇ ಕೊಂದೆ?” ಅಕ್ಕ ಕತ್ತರಿಯನ್ನು ಕೆಳಗಿಟ್ಟಳು. “ದಾರಿ ಇದೆಯಲ್ಲ! ದೊಡ್ಡ ಸಭಾಂಗಣದಲ್ಲಿ ನೇರ ನಡೆದ್ರೆ ಆಯ್ತು ಅಂತ ಬರಿ.”

ಮಗಳು ಬರೆದಳು. ಉತ್ತರ ಬಂದಿತು. “ನೇರ ಹೋದರೆ ಗೋಡೆ ಅಂತಿದಾರೆ ಅಮ್ಮ.”

“ಯಾವ ಗೋಡೆ? ಅಲ್ಲಿ ನಾನು ಗೋಡೇನೇ ಬರೆದಿಲ್ಲ.”

“ಗೋಡೆ ಒಡೆಯೋಕೆ ಸುತ್ತಿಗೆ ತಗೊಂಡ್ರಂತೆ. ಒಡೀಲಿಲ್ವಂತೆ.”

“ಇಲ್ಲದ ಗೋಡೆ ಹ್ಯಾಗೆ ಒಡೆಯುತ್ತೆ! ಇವರಿಗೇನು ತಲೆ ನೆಟ್ಟಗಿದೆಯಾ? ಎಲ್ಲಿ, ಆ ಚಿತ್ರ ತೋರ್ಸು.”

ಮಗಳು ತೋರಿಸಿದಳು. ಅಕ್ಕ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಸರಿಯಾಗಿಯೇ ಇದೆಯೆಂದು ಹಿಂತಿರುಗಿಸಿದಳು. ಡಾಕ್ಟರಮ್ಮ ಮೆಟ್ಟಿಲಿಳಿದು ಬಂದು ತಾವೂ ನೋಡಿ, “ಅಕ್ಕಾ, ನಿಮಗೆ ಒಳಗೊಳಗೇ ಇಷ್ಟು ಕೋಪ ಇದೆ ಅಂತ ಗೊತ್ತೇ ಇರ್ಲಿಲ್ಲ,” ಎಂದರು. ಅಕ್ಕನಿಗೆ ಅಂದು ಊಟ ಸೇರಲಿಲ್ಲ. ಹಲವರು ಹೊಗಳುತ್ತಿದ್ದರೆಂಬುದು ನಿಜ. ಆದರೆ ತಾನು ಮಾಡದ ಕ್ರೌರ್ಯಕ್ಕೆ ಹೊಗಳಿಕೆ ಬಂದರೆ ಒಳ್ಳೆಯ ಮನಸ್ಸು ಅದನ್ನು ಅರಗಿಸಿಕೊಳ್ಳಲಾರದು. ಮೇಲಾಗಿ ಯಾರೋ ಒಬ್ಬ ಹೀಗೂ ಬರೆದಿದ್ದ: ‘ಇವರಿಗೆ ಕೋಟೆ ಕಟ್ಟಲು ಬರುವುದಿಲ್ಲ, ಗೋರಿ ಕಟ್ಟಲು ಬರುತ್ತದೆ.’

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಒಂದು ಬೆಳಗ್ಗೆ ಅವರ ನಡುವೆ ನುಸುಳಿಕೊಂಡು ತಮ್ಮ ಒಳಗೆ ಬಂದ. ಕಂಕುಳಲ್ಲಿ ಕಂದು ಕಾಗದದ ಸುರುಳಿ, ಕಣ್ಣಿನಲ್ಲಿ ಸಿಟ್ಟು. ಅವನು ಮೇಜಿಗೆ ಬಾರದೆ ಹೋದರೂ ತಾಣವನ್ನು ಓದುವುದನ್ನು ಬಿಟ್ಟಿರಲಿಲ್ಲವೆಂಬುದು ಅಂದೇ ತಿಳಿದುದು. ಗೋರಿಯ ಮಾತನ್ನು ಅವನ ಮನಸ್ಸು ಸಹಿಸಿರಲಿಲ್ಲ. ತನ್ನ ಅಕ್ಕನನ್ನು ಬೈಯುವ ಹಕ್ಕು ಹುಟ್ಟಿನಿಂದ ತನಗೊಬ್ಬನಿಗೇ ದತ್ತವಾದುದೆಂದು ಅವನ ಭಾವನೆ. ಹೀಗಾಗಿ ಆ ಕಟ್ಟನ್ನು ಬಿಚ್ಚಿದ್ದ, ಬಿಚ್ಚಿದೊಡನೆ ಕಂಡಿತ್ತು.

ಯಾರದೋ ಕೋಟಿನ ತೋಳುಗಳನ್ನು ಪಕ್ಕಕ್ಕೆ ತಳ್ಳಿ ಅವನು ನಕ್ಷೆಯನ್ನು ಮೇಜಿನ ಮೇಲೆ ಹಾಸಿದ. ಸಭಾಂಗಣ ಬಂದು ಮುಗಿಯುವಲ್ಲಿ, ಕಾಗದದ ನೆಟ್ಟನೆಯ ಅಂಚಿನುದ್ದಕ್ಕೂ, ಎರಡು ತುದಿಗೂ ಬಾಣವಿದ್ದ ಒಂದು ಗುರುತಿತ್ತು. ಅದರ ಮೇಲೆ ಬೆರಳಿಟ್ಟ. ಅಕ್ಕ ನೋಡಿದಳು.

“ಮಡಿಕೆ. ಅದಕ್ಕೇನು?”

ಹೇಳಿ ಮುಗಿಸುವ ಮೊದಲೇ ಆಕೆಯ ಬಾಯಿ ತೆರೆದುಕೊಂಡಿತು.

ಅಂಗಿಯ ಬೆನ್ನನ್ನು ಇಡಿಯಾಗಿ ಬರೆಯುವ ದರ್ಜಿ ಯಾವ ಲೋಕದಲ್ಲೂ ಇಲ್ಲ. ಅರ್ಧ ಬರೆಯುವುದು, ಮಡಿಕೆಯ ಗುರುತು ಹಾಕುವುದು, ಬಟ್ಟೆಯನ್ನು ಎರಡು ಪದರ ಮಾಡಿ ಮಡಿಕೆಗೆ ಕಾಗದದ ಅಂಚನ್ನು ಕೂಡಿಸಿ ಕತ್ತರಿಸುವುದು. ಬಿಡಿಸಿದರೆ ಇಡಿಯ ಬೆನ್ನು. ಎಡಬಲಗಳು ಒಂದೇ ಬಗೆಯಾಗಿದ್ದ ಕೋಟೆಯನ್ನೂ ಅಕ್ಕ ಹಾಗೆಯೇ ಬರೆದಿದ್ದಳು. ಬಾಳಿನುದ್ದಕ್ಕೂ ಅರ್ಧವನ್ನು ಕಂಡು ಇಡಿಯನ್ನು ಗ್ರಹಿಸಿದ ಕಣ್ಣಿಗೆ ಆ ಅರ್ಧವು ಅರ್ಧವೆಂದು ತೋರಲೇ ಇಲ್ಲ. ಮಗಳು ಸೂಜಿಗೆ ದಾರ ಪೋಣಿಸಿದವಳಲ್ಲ. ಜಗತ್ತಿನ ಅಭಿಮಾನಿಗಳಿಗೆ ದರ್ಜಿಯ ಗುರುತು ತಿಳಿಯುವುದೆಂತು? ಅವರ ಪಾಲಿಗೆ ಕಾಗದ ಮುಗಿದಲ್ಲಿ ಗೋಡೆ. ಆದರೆ ಈ ತಮ್ಮ, ಅಪ್ಪ ಇದೇ ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಿದ್ದ ಕಾಲದಲ್ಲಿ ಇದರ ಕೆಳಗೆ ಚಿಂದಿಗಳ ಮೇಲೆ ಮಲಗಿ ಬೆಳೆದವನು.

“ಅಯ್ಯೋ ದೇವರೇ! ಅರ್ಧ ಕೋಟೆ ಕೊಟ್ಟು ಸಾಯಿಸಿಬಿಟ್ನಲ್ಲೋ ಅಷ್ಟು ಜನಾನ!”

ತಮ್ಮ ಸಿಟ್ಟಿನಲ್ಲೇ ನಿಂತಿದ್ದವನು, ಅಕ್ಕ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ ಆ ಭಂಗಿಯನ್ನು ಕಂಡು ತುಟಿ ಬಿಗಿಹಿಡಿದ, ಹಿಡಿತ ನಿಲ್ಲಲಿಲ್ಲ. ಭುಜ ಕುಲುಕಿತು, ಹೊಟ್ಟೆ ಕುಲುಕಿತು, ಕಡೆಗೆ ಮೇಜಿನ ಮೇಲೆ ಬೋರಲು ಬಿದ್ದು, ಒಂದಿಷ್ಟೂ ಸದ್ದಿಲ್ಲದೆ, ಕಣ್ಣೀರು ಸುರಿಯುವ ತನಕ ನಕ್ಕ. ಅಳತೆ ಕೊಡಲು ಕೈಯೆತ್ತಿ ನಿಂತಿದ್ದ ಗಿರಾಕಿ ಏನೋ ಆಘಾತವಾಗಿದೆಯೆಂದು ಹೆದರಿ ನೀರು ತರಲು ಓಡಿದ.

“ನಗು, ನಗು,” ಎಂದಳು ಅಕ್ಕ, ತಾನೂ ನಗುತ್ತ ಕಣ್ಣೊರೆಸಿಕೊಂಡು. “ಈಗ್ಲೇ ಮಗಳಿಗೆ ಹೇಳ್ತೀನಿ, ಇದು ಅರ್ಧ, ಇನ್ನರ್ಧ ತಿರುವಿ ಜೋಡಿಸಿ ನೋಡ್ರಪ್ಪಾ ಅಂತ ಬರೀಲಿ.”

ಅವನು ತಡೆದ. ಫೋನು ಹೊರತೆಗೆದು ಬರೆದ: ‘ಬರೆಸು. ಆದರೆ ಎಡಗಡೆಯ ಕಾರ್ಡುಗಳನ್ನು ಓದಿದೆ. ನಿನ್ನ ರಾಣಿ ಬಂದವರಿಗೆಲ್ಲ ಕಂಬಳಿ ಹೊದಿಸುತ್ತಾಳೆ. ಇದೇನು ನರಕವೋ ಛತ್ರವೋ?’

“ಪಾಪ, ಚಳಿ ಇರುತ್ತಲ್ಲೋ ಅಲ್ಲಿ.”

‘ಆ ಭಾಗ ನಾನು ಬರೆಯುತ್ತೇನೆ. ನೀನು ನೋಡಕೂಡದು.’

ಆಡಬೇಕಾದ ಮಾತುಗಳು ಹತ್ತಾರು ಅಕ್ಕನ ನಾಲಗೆಯ ತುದಿಗೆ ಬಂದವು. ಒಂದನ್ನಾದರೂ ಬಿಟ್ಟರೆ ಈ ಹಕ್ಕಿ ಹಾರಿಹೋದೀತೆಂಬ ಭಯದಿಂದ ಎಲ್ಲವನ್ನೂ ನುಂಗಿದಳು. “ಬರೆದು?” ಎಂದಳು, ಸೀಮೆಸುಣ್ಣದ ತುದಿಯನ್ನು ವಿನಾಕಾರಣ ಹೆರೆಯುತ್ತ. “ಬರೆದ ಮೇಲೆ ನಡೆಸೋರು ಯಾರು? ನಾನು ನಡೆಸಿದ್ರೆ ಮತ್ತೆ ಕಂಬಳಿ ಹೊದಿಸ್ತೀನಿ, ಈಗ್ಲೇ ಹೇಳಿರ್ತೀನಿ.”

ಅವನು ಫೋನನ್ನು ಜೇಬಿಗಿಳಿಸಿದ. ಸುರುಳಿಯನ್ನು ಸುತ್ತಿಕೊಂಡು ಹೊರಟುಹೋದ.

ರಜೆಯ ದಿನ ಬಂದಿತು. ಮೇಜಿನ ತಲೆಯ ಬಳಿಯ ಕುರ್ಚಿಯನ್ನು ಅಕ್ಕ ಒರೆಸಿಟ್ಟಿದ್ದಳು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಯಜಮಾನರು ದಾಳವನ್ನು ಸುಮ್ಮನೆ ಉರುಳಿಸುತ್ತಿದ್ದರು. ಮಗಳು ತಾಣದ ಹೊಸ ವರ್ತಮಾನವನ್ನು ಓದಿದಳು: ಎರಡು ಅರ್ಧವೂ ಕೂಡಿದ ಇಡಿಯ ನಕ್ಷೆಯನ್ನು ಕಂಡ ಒಂದು ಗುಂಪಿನವರು, ‘ಹಾಗಾದರೆ ನಮ್ಮವರು ಸತ್ತದ್ದು ವ್ಯರ್ಥವೇ? ಅವರನ್ನೀಗ ಎಬ್ಬಿಸಿ ಕೊಡಿ’ ಎಂದು ಬರೆದಿದ್ದರು. ಡಾಕ್ಟರಮ್ಮ ನಕ್ಕರು. ಅಕ್ಕ ನಗಲಿಲ್ಲ, ಆಕೆಯ ಕಿವಿ ಬೀದಿಯ ಹೆಜ್ಜೆಗಳಲ್ಲಿತ್ತು.

ಷಟರಿನಡಿ ಮೊದಲು ಬೂಟುಗಳು ಕಂಡವು. ಅನಂತರ ಬಗ್ಗಿದ ತಲೆ. ತಮ್ಮ ಯಾರಿಗೂ ನಮಸ್ಕಾರವನ್ನೂ ಮಾಡದೆ ನೇರ ಹೋಗಿ ಕುರ್ಚಿಯಲ್ಲಿ ಕುಳಿತು, ಕಾರ್ಡುಗಳನ್ನು ಜೋಡಿಸಿ, ಮೇಜನ್ನು ಒಮ್ಮೆ ಕುಟ್ಟಿದ.

“ಮಾಮ, ಶುರುನಾ?” ಎಂದಳು ಮಗಳು. ಇನ್ನೊಂದು ಕುಟ್ಟು: ಹೌದು.

ಮೊದಲ ಕಾರ್ಡು ಯಜಮಾನರ ಕೈಗೆ ಬಂದಿತು. ಅವರು ಕನ್ನಡಕವೇರಿಸಿ ಓದಿದರು: “‘ನಿನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದವರು ಯಾರೆಂದು ತಿರುಗಿ ನೋಡುವ ಧೈರ್ಯ ನಿನಗಿಲ್ಲ.’ ನಿಜವಾಗ್ಲೂ ಇಲ್ಲಪ್ಪ.” ತನ್ನ ಪಾಡನ್ನು ತನ್ನ ಬಾಯಿಂದಲೇ ಓದಿಕೊಳ್ಳುವಾಗ ಅದು ಬೇರೆಯವರು ಹೇಳಿದುದಕ್ಕಿಂತ ಎಷ್ಟು ತಣ್ಣಗೆ ಎದೆಗಿಳಿಯುತ್ತದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಸೂತ್ರಧಾರನ ಅಂಗೈ ಮೇಜನ್ನು ಮೆಲ್ಲಗೆ ಸವರಿತು, ಯಾರೋ ಬರುತ್ತಿದ್ದಾರೆ. ಎಲ್ಲರೂ ಮುಂದಕ್ಕೆ ಬಾಗಿ ಆ ಸವರುವಿಕೆಯನ್ನಾಲಿಸಿದರು. ಹಿಂದೆ ಅವನ ಕಂಠಕ್ಕೆ ಕಿವಿಗೊಡುತ್ತಿದ್ದವರು ಈಗ ಅವನ ಹುಬ್ಬಿಗೆ, ಬೆರಳಿಗೆ, ತಲೆ ಓಲಿಸುವ ಬಗೆಗೆ ಕಣ್ಣಾಗಿ ಕುಳಿತರು. ಸಭಾಂಗಣದ ನಡುವೆ ಬಂದಾಗ ಅವನು ತಾನು ಬರೆದು ಅಂಚಿಗೆ ಅಂಟಿಸಿ ಮಡಿಚಿಟ್ಟಿದ್ದ ಇನ್ನರ್ಧ ಕಾಗದವನ್ನು ಬಿಡಿಸಿದ. ಕೋಟೆ ಇಡಿಯಾಯಿತು.

ಎಡಗಡೆಯ ಕೊನೆಯ ಕೋಣೆಯಲ್ಲಿ ರಾಣಿ ಇದ್ದಳು. ಆ ಕಾರ್ಡನ್ನು ಅಕ್ಕನ ಮುಂದಿಟ್ಟ. ತಮ್ಮನ ಕೈಬರಹ. ಅಕ್ಕ ಓದಿದಳು:

“‘ರಾಣಿಯ ಮುಖ ತುಂಬ ದಣಿದಿದೆ. ಅವಳು ತೊಟ್ಟ ನಿಲುವಂಗಿ ಅವಳ ಅಳತೆಯದಲ್ಲ. ಅಂಚು ನೆಲದಲ್ಲಿ ಎಳೆದು ಹರಿದಿದೆ. ಇದನ್ನೊಂದಿಷ್ಟು ಮೇಲಕ್ಕೆ ಮಡಿಚಿ ಕೊಡುವೆಯಾ ಎಂದು ನಾಚುತ್ತ ಕೇಳುತ್ತಾಳೆ.’”

“ಅಕ್ಕಾ, ಬೇಡ!” ಡಾಕ್ಟರಮ್ಮ ಕೂಗಿದರು. “ನಾನು ಕೊಡಲಿ ಎತ್ತಿದೀನಿ, ಹಿಂದೆ ಸರೀರಿ.”

“ಅಮ್ಮ, ಅದು ಬಲೆ,” ಎಂದಳು ಮಗಳು.

“ಇರ್ರೇ. ಅಂಚು ಎಳೀತಾ ಇದೆ ಅಂದ್ರೆ ಎಡವಿ ಬೀಳ್ತಾಳೆ. ಎರಡು ಪಿನ್ನು ಹಾಕೋ ಕೆಲಸ.” ಅಕ್ಕ ತಮ್ಮನ ಕಡೆ ತಿರುಗಿದಳು. “ನಾನು ಮಂಡಿಯೂರಿ ಕೂತ್ಕೋತೀನಿ.”

ತಮ್ಮ ಆಕೆಯ ಮುಂದೆ ದಾಳವನ್ನಿಟ್ಟ. ಆಕೆ ಎಸೆದಳು. ಅದು ಉರುಳಿ ಮೇಜಿನಲ್ಲಿ ಕತ್ತರಿ ಕೊರೆದ ಹಳೆಯ ಗೀರೊಂದಕ್ಕೆ ತಗುಲಿ ನಿಂತಿತು: ಒಂದು, ದಾಳದಲ್ಲೇ ಅತಿ ಕೆಟ್ಟ ಅಂಕೆ. ಅವನು ಮುಂದಿನ ಕಾರ್ಡನ್ನು ಎತ್ತಿಟ್ಟ. ಬಗ್ಗಿದ ಕುತ್ತಿಗೆ, ನಿಲುವಂಗಿಯ ತೋಳಿನೊಳಗಿನ ಚೂರಿ, ಎರಡೇ ಸಾಲು.

“ಸತ್ತೆನೇನೋ?” ಎಂದಳು ಅಕ್ಕ.

ಒಂದು ಕುಟ್ಟು.

“ದ್ರೋಹಿ! ಒಡಹುಟ್ಟಿದ ಅಕ್ಕನ್ನ! ಮಂಡಿ ಊರಿ ಕೂತವಳನ್ನ! ನೋಡ್ರೀ, ನೋಡಿ ನಿಮ್ಮ ಬಾಮೈದ ಮಾಡಿರೋ ಕೆಲಸ! ಪಿನ್ನು ಬಾಯಲ್ಲಿ ಇಟ್ಕೊಂಡಿದ್ನಲ್ಲೋ ಪಾಪಿ, ನುಂಗಿಬಿಟ್ರೆ...” ಎನ್ನುತ್ತ ಆಕೆ ಕುರ್ಚಿ ಬಿಟ್ಟೆದ್ದಳು. ಮುಖ ಕೆಂಪಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಇಂಥ ಸಾವನ್ನು ತನಗಾಗಿಯೇ ಅಳತೆ ತೆಗೆದು ಹೊಲಿಯಬಲ್ಲವನು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲವೆಂಬುದು ಆಕೆಗೆ ತಿಳಿದಿತ್ತು. ಇಷ್ಟು ದಿನ ಆ ಮನುಷ್ಯ ತನ್ನನ್ನು ಮರೆತು ಕುಳಿತಿರಲಿಲ್ಲವೆಂಬುದೂ ತಿಳಿದಿತ್ತು.

ತಮ್ಮ ಗಂಭೀರವಾಗಿ ತಲೆಯೆತ್ತಿ, ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಅದೇ ಬೆರಳಿನಿಂದ ಆಕೆಯನ್ನು ತೋರಿಸಿದ. ಸತ್ತವರು ಮಾತಾಡುವಂತಿಲ್ಲ.

ಅಕ್ಕ ಕುಳಿತಳು. ಬೈಗುಳಗಳೆಲ್ಲ ಗಂಟಲಿನಲ್ಲಿ ಕಿಕ್ಕಿರಿದು ನಿಂತಿದ್ದವು. ಸೆರಗಿನಿಂದ ಬಾಯಿ ಒತ್ತಿ ಹಿಡಿದು, ಸನ್ಯಾಸಿ ಈಗ ಓಡುತ್ತಾನೋ ನಿಲ್ಲುತ್ತಾನೋ ಎಂದು ನೋಡತೊಡಗಿದಳು.